ತೋಟಾ ತುಂಬುವ ಯಂತ್ರವೂ ಶಸ್ತ್ರ ಕಾಯಿದೆಯೂ: ಘಟಪ್ರಭಾ ತೀರದ ಇತಿಹಾಸದಿಂದ ಒಂದು ವಿವೇಚನೆ

ಬಂದೂಕಿನಲ್ಲಿ ಒಮ್ಮೆ ಹಾರಿಸಿದ ತೋಟಾದ ಬರಿಗೋಶವನ್ನು ಬಿಸಾಡದೆ, ಅದಕ್ಕೆ ಹೊಸ ಕೇಪನ್ನೂ ಮದ್ದನ್ನೂ ಗುಂಡನ್ನೂ ಕೂಡಿಸಿ ಮರಳಿ ಉಪಯೋಗಕ್ಕೆ ತರುವ ಪದ್ಧತಿಯು ಪಾಶ್ಚಾತ್ಯ ದೇಶಗಳ ಗುರಿಕಾರರಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಇದಕ್ಕೆ ಬೇಕಾಗುವ ಸಲಕರಣೆಗಳು ದೊಡ್ಡವೇನೂ ಅಲ್ಲ. ಮೇಜಿಗೆ ಬಿಗಿಯುವ ಒಂದು ಕೈಒತ್ತುಯಂತ್ರ, ಕೆಲವು ಉಕ್ಕಿನ ಅಚ್ಚುಗಳು, ಒಂದು ಸೂಕ್ಷ್ಮವಾದ ತಕ್ಕಡಿ, ಇಷ್ಟೆ. ಅಮೆರಿಕದಲ್ಲಿ ಇವು ಬೇಟೆಯ ಸಾಮಾನುಗಳ ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯತಕ್ಕವು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗಗಳಿಂದ ಉದ್ಯೋಗಕ್ಕಾಗಿಯೋ ವ್ಯಾಸಂಗಕ್ಕಾಗಿಯೋ ಹೊರದೇಶಕ್ಕೆ ಹೋದವನೊಬ್ಬನು, ಊರಿನಲ್ಲಿ ಪರವಾನಿಗೆ ಪಡೆದ ಬಂದೂಕುಳ್ಳವನೂ ಆಗಿದ್ದು, ಇಂಥದೊಂದು ಯಂತ್ರವನ್ನು ಕೊಂಡು ವಿಮಾನದಲ್ಲಿ ತರಬಯಸಿದನೆಂದು ಭಾವಿಸೋಣ. ಮದ್ದಿಲ್ಲ, ಗುಂಡಿಲ್ಲ, ಇರುವುದು ಬರಿಯ ಕಬ್ಬಿಣ. ಇದಕ್ಕೆ ಅಡ್ಡಿಯೇನು ಎಂದು ಅವನಿಗೆ ತೋರುವುದು ಸಹಜ.

ಆದರೆ ಭಾರತದ ಕಾಯಿದೆಯ ದೃಷ್ಟಿಯಲ್ಲಿ ಆ ಕಬ್ಬಿಣವೇ ಮದ್ದುಗುಂಡು. ಈ ಮಾತು ಮೊದಲ ನೋಟಕ್ಕೆ ವಿಚಿತ್ರವಾಗಿ ಕಂಡರೂ ಅದರ ಹಿಂದೆ ದೀರ್ಘವಾದ ಇತಿಹಾಸವಿದೆ; ಆ ಇತಿಹಾಸದ ಒಂದು ಮುಖ್ಯ ಅಧ್ಯಾಯವು ಘಟಪ್ರಭೆಯ ಸೀಮೆಯಲ್ಲಿಯೇ ನಡೆಯಿತು. ಅದನ್ನು ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

೧

ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆಯು ಹುಕ್ಕೇರಿ ತಾಲೂಕನ್ನು ಹಾಯ್ದು, ಗೋಕಾಕದ ಬಳಿ ಜಲಪಾತವಾಗಿ ಧುಮುಕಿ, ಮೂಡಲಗಿಯ ಕಡೆಯ ಬಯಲನ್ನು ತಣಿಸಿ ಮುಧೋಳದತ್ತ ಸಾಗುತ್ತದೆ. ಇಂದು ಒಂದಾಗಿ ಕಾಣುವ ಈ ನಾಡು ೧೮೫೭ರಲ್ಲಿ ಆಡಳಿತದ ದೃಷ್ಟಿಯಿಂದ ಹರಿದು ಹಂಚಿಹೋಗಿತ್ತು. ಗೋಕಾಕ, ಹುಕ್ಕೇರಿಗಳು ಕಂಪನಿ ಸರಕಾರದ ಬೆಳಗಾವಿ ಕಲೆಕ್ಟರರ ಆಡಳಿತಕ್ಕೆ ಸೇರಿದ್ದವು. ಮುಧೋಳವು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿ ಎಂಬ ಗ್ರಾಮದಲ್ಲಿ ಬೇಡರ ಜನವಸತಿ ಹೆಚ್ಚಾಗಿತ್ತು. ಬೇಟೆಯೂ ಕಾವಲೂ ಇವರ ಕುಲವೃತ್ತಿಗಳು. ಆಯುಧವೆಂಬುದು ಇವರಿಗೆ ಒಕ್ಕಲಿಗನಿಗೆ ನೇಗಿಲು ಹೇಗೋ ಹಾಗೆ.

ಉತ್ತರ ಹಿಂದುಸ್ತಾನದಲ್ಲಿ ಸಿಪಾಯಿಗಳ ದಂಗೆ ಹಬ್ಬಿದ ಮೇಲೆ, ೧೮೫೭ರ ಸೆಪ್ಟೆಂಬರಿನಲ್ಲಿ ಸರಕಾರವು ೨೮ನೆಯ ಕಾಯಿದೆಯನ್ನು ಜಾರಿಗೆ ತಂದಿತು. ಜನರ ಬಾಯಲ್ಲಿ ಇದು ನಿಶ್ಶಸ್ತ್ರೀಕರಣ ಕಾಯಿದೆಯೆಂದೇ ಪ್ರಸಿದ್ಧವಾಗಿದೆ. ಆದರೆ ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ಕಾಯಿದೆಯು ಆಯುಧಗಳನ್ನು ಇಟ್ಟುಕೊಳ್ಳುವ ಹಕ್ಕಿಗೆ ಕಟ್ಟುಪಾಡು ಹಾಕಿದ್ದಲ್ಲದೆ, ಆಯುಧ ಮತ್ತು ಮದ್ದುಗುಂಡುಗಳ ಆಮದು, ತಯಾರಿಕೆ, ಮಾರಾಟ ಈ ಮೂರನ್ನೂ ಒಂದೇ ಸೂತ್ರದಲ್ಲಿ ಪೋಣಿಸಿತು. ಕೈಯಲ್ಲಿದ್ದ ಬಂದೂಕನ್ನು ಕಸಿದುಕೊಂಡರೆ ಸಾಲದು, ಅದಕ್ಕೆ ಮದ್ದು ಬರುವ ದಾರಿಗಳನ್ನೂ ಕಟ್ಟಬೇಕು ಎಂಬ ನೀತಿಯು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಈ ಕಾಯಿದೆಯ ಬಿಸಿ ಹಲಗಲಿಗೆ ತಟ್ಟಿತು. ಬೇಡರು ಆಯುಧಗಳನ್ನೊಪ್ಪಿಸಲು ನಿರಾಕರಿಸಿ ಒಗ್ಗಟ್ಟಾಗಿ ನಿಂತರು. ೧೮೫೭ರ ನವೆಂಬರ್ ಕೊನೆಯಲ್ಲಿ ಸರಕಾರದ ಸೈನ್ಯವು ಗ್ರಾಮವನ್ನು ಮುತ್ತಿ ಬೆಂಕಿ ಹಚ್ಚಿತು. ಅನೇಕರು ಮಡಿದರು, ನೂರಾರು ಜನ ಸೆರೆಸಿಕ್ಕರು. ಡಿಸೆಂಬರ್ ತಿಂಗಳಲ್ಲಿ ೧೯ ಜನರನ್ನು ಗಲ್ಲಿಗೇರಿಸಲಾಯಿತು. ಜಡಗ, ಬಾಲ ಮೊದಲಾದ ನಾಯಕರ ಹೆಸರುಗಳು ಲಾವಣಿಯಲ್ಲಿ ಉಳಿದುಬಂದಿವೆ. ಆ ಲಾವಣಿಯನ್ನು ಜೆ. ಎಫ್. ಫ್ಲೀಟರು ಸಂಗ್ರಹಿಸಿ ಪ್ರಕಟಿಸಿದುದರಿಂದ ಅದು ವಿದ್ವಾಂಸರ ಗಮನಕ್ಕೂ ಬಂದಿತು. ತೆರಿಗೆಗಾಗಿಯಲ್ಲ, ರಾಜ್ಯಕ್ಕಾಗಿಯಲ್ಲ, ಶಸ್ತ್ರ ಕಾಯಿದೆಯೊಂದರ ಕಾರಣವಾಗಿಯೇ ಒಂದು ಊರು ಸುಟ್ಟುಹೋದುದು ನಮ್ಮ ಪ್ರಾಂತದ ಇತಿಹಾಸದಲ್ಲಿ ಮರೆಯಲಾಗದ ಸಂಗತಿ.

ಇದೇ ನೀತಿಯ ಇನ್ನೊಂದು ಮುಖವನ್ನು ಕೊಡಗಿನಲ್ಲಿ ಕಾಣುತ್ತೇವೆ. ೧೮೬೧ರಲ್ಲಿ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರು ಕೊಡಗರ ರಾಜನಿಷ್ಠೆಯನ್ನು ಹೊಗಳಿ ಅವರಿಗೆ ಈ ಕಟ್ಟುಪಾಡಿನಿಂದ ವಿನಾಯಿತಿ ಕೊಟ್ಟರು. ಹಲಗಲಿಯಲ್ಲಿ ಗಲ್ಲು, ಕೊಡಗಿನಲ್ಲಿ ಗೌರವ! ಕೋವಿಯೊಂದೇ, ಕುಲಾಚಾರದ ಹೆಮ್ಮೆಯೂ ಒಂದೇ. ಭೇದವಿದ್ದುದು ಸರಕಾರದ ನಂಬಿಕೆಯಲ್ಲಿ. ಪರವಾನಿಗೆಯೆಂಬುದು ಮೂಲತಃ ಈ ನಂಬಿಕೆಯ ಬರವಣಿಗೆಯ ರೂಪವೆಂಬುದನ್ನು ಇದರಿಂದ ತಿಳಿಯಬಹುದು.

೨

ತಾತ್ಕಾಲಿಕವಾಗಿ ಹುಟ್ಟಿದ ಈ ನೀತಿಗೆ ಶಾಶ್ವತ ರೂಪ ಬಂದುದು ೧೮೭೮ರ ಭಾರತೀಯ ಶಸ್ತ್ರ ಕಾಯಿದೆಯಿಂದ. ಅದರ ವ್ಯಾಖ್ಯೆಯ ಕಲಮು ಇತಿಹಾಸದ ವಿದ್ಯಾರ್ಥಿಗಳು ಅವಶ್ಯವಾಗಿ ಓದತಕ್ಕದ್ದು. ಮದ್ದುಗುಂಡು ಎಂಬ ಪದದೊಳಗೆ ಸ್ಫೋಟಕಗಳನ್ನಷ್ಟೇ ಅಲ್ಲದೆ ಚಕಮಕಿ ಕಲ್ಲು, ಬಂದೂಕಿನ ನಳಿಗೆಗೆ ಗಿಡಿಯುವ ಬಿರಡೆ, ಕೇಪು, ಮದ್ದುಗುಂಡಿನ ಎಲ್ಲ ಭಾಗಗಳು, ಮತ್ತು ಅದನ್ನು ತಯಾರಿಸುವ ಎಲ್ಲ ಯಂತ್ರಸಾಮಗ್ರಿಗಳೂ ಸೇರುತ್ತವೆಂದು ಅದು ಸಾರಿತು. ಸೀಸ, ಗಂಧಕ, ಪೆಟ್ಲುಪ್ಪುಗಳನ್ನು ಮಾತ್ರ ಹೊರಗಿಟ್ಟಿತು. ಇವು ಇತರ ಅನೇಕ ಕಸುಬುಗಳಿಗೂ ಬೇಕಾದ ಪದಾರ್ಥಗಳಾದುದರಿಂದ ಈ ವಿನಾಯಿತಿಗೆ ಕಾರಣವನ್ನು ಊಹಿಸುವುದು ಕಠಿಣವಲ್ಲ. ತೋಟಾ ತುಂಬುವ ಯಂತ್ರಕ್ಕಾದರೋ ಬೇರೆ ಉಪಯೋಗವೇ ಇಲ್ಲ. ಆದ್ದರಿಂದ ಅದು ಫಲದೊಡನೆಯೇ ಎಣಿಕೆಯಾಯಿತು.

ಇದರ ಔಚಿತ್ಯವನ್ನು ಗೋಕಾಕದ ಇನ್ನೊಂದು ಉದಾಹರಣೆಯಿಂದ ಸ್ಫುಟಪಡಿಸಬಹುದು. ೧೮೮೭ರಲ್ಲಿ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿಯು ಕೆಲಸ ಆರಂಭಿಸಿದಾಗ ಅದರ ಯಂತ್ರಗಳು ಹೊರದೇಶದಿಂದಲೇ ಬರಬೇಕಾಗಿದ್ದವು. ನೂಲುವ ಯಂತ್ರವನ್ನು ಯಾವ ಕಾಯಿದೆಯೂ ನೂಲೆಂದು ಕರೆಯಲಿಲ್ಲ. ಯಂತ್ರ ಯಂತ್ರವಾಗಿಯೇ ಉಳಿಯಿತು. ಶಸ್ತ್ರ ಕಾಯಿದೆಯಲ್ಲಿ ಮಾತ್ರ ಸಾಧನವೂ ಸಾಧ್ಯವೂ ಒಂದೇ ಹೆಸರನ್ನು ಪಡೆದವು. ಕಾರಣವಿಷ್ಟೆ: ಸಿದ್ಧವಾದ ತೋಟಾಗಳನ್ನು ಎಣಿಸಬಹುದು, ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಬರೆಯಿಸಬಹುದು. ಮನೆಯೊಳಗೊಂದು ಯಂತ್ರವಿದ್ದರೆ ಎಣಿಕೆಯೇ ನಿಷ್ಫಲವಾಗುತ್ತದೆ. ಲೆಕ್ಕಕ್ಕೆ ಸಿಗದ ಮದ್ದುಗುಂಡನ್ನು ಕುರಿತ ಭಯವೇ ಈ ವ್ಯಾಖ್ಯೆಯ ಜೀವಾಳ.

೧೮೭೮ರ ಕಾಯಿದೆಗೆ ದೇಶದಲ್ಲಿ ತೀವ್ರ ವಿರೋಧವುಂಟಾಯಿತು. ಯುರೋಪಿಯನರಿಗೆ ನಿಯಮಗಳ ಮೂಲಕ ವಿನಾಯಿತಿ ಕೊಟ್ಟು ದೇಶೀಯರನ್ನು ಮಾತ್ರ ಶಂಕಿಸಿದುದು ಎಲ್ಲರಿಗೂ ಅವಮಾನಕರವಾಗಿ ತೋರಿತು. ೧೯೩೦ರಲ್ಲಿ ಗಾಂಧೀಜಿಯವರು ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಿಗೆ ಕೊಡಬೇಕೆಂಬುದೂ ಒಂದು. ಅಹಿಂಸೆಯ ಪ್ರವರ್ತಕರೇ ಇದನ್ನು ಕೇಳಿದರೆಂಬುದರಿಂದ ಪ್ರಶ್ನೆಯು ಆಯುಧದ್ದಲ್ಲ, ಪ್ರಜೆಯ ಮಾನದ್ದೆಂಬುದು ವ್ಯಕ್ತವಾಗುತ್ತದೆ.

೩

ಸ್ವಾತಂತ್ರ್ಯಾನಂತರ ೧೯೫೯ರಲ್ಲಿ ಹೊಸ ಶಸ್ತ್ರ ಕಾಯಿದೆ ಅಂಗೀಕೃತವಾಗಿ ೧೯೬೨ರ ಅಕ್ಟೋಬರ್ ೧ರಿಂದ ಜಾರಿಗೆ ಬಂದಿತು. ಆಳುವವರ ಜನಾಂಗಕ್ಕೆ ಬೇರೆ, ಆಳಿಸಿಕೊಳ್ಳುವವರಿಗೆ ಬೇರೆ ಎಂಬ ಭೇದ ಅಲ್ಲಿಲ್ಲ. ಆದರೆ ವ್ಯಾಖ್ಯೆಯ ಸಾರ ಹಾಗೆಯೇ ಉಳಿಯಿತು. ಎರಡನೆಯ ಕಲಮಿನಲ್ಲಿ ಮದ್ದುಗುಂಡಿನ ಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಸಾಮಗ್ರಿಯನ್ನೂ ಮದ್ದುಗುಂಡೆಂದೇ ಹೇಳಿದೆ. ಐದನೆಯ ಕಲಮಿನ ಮೇರೆಗೆ ಪರವಾನಿಗೆಯಿಲ್ಲದೆ ಯಾರೂ ಮದ್ದುಗುಂಡು ತಯಾರಿಸಕೂಡದು. ಹತ್ತನೆಯ ಕಲಮಿನ ಮೇರೆಗೆ ಪರವಾನಿಗೆಯಿಲ್ಲದೆ ಸಮುದ್ರ, ಭೂಮಿ ಅಥವಾ ವಾಯುಮಾರ್ಗದಿಂದ ಅದನ್ನು ದೇಶದೊಳಕ್ಕೆ ತರಕೂಡದು.

ಹತ್ತನೆಯ ಕಲಮಿಗೆ ಒಂದು ಅಪವಾದವುಂಟು. ಆಯುಧವನ್ನಾಗಲಿ ಮದ್ದುಗುಂಡನ್ನಾಗಲಿ ಕಾಯಿದೆಯಂತೆ ಹೊಂದಲು ಅಧಿಕಾರವುಳ್ಳವನು ತನ್ನ ಸ್ವಂತ ಉಪಯೋಗಕ್ಕಾಗಿ ಯುಕ್ತ ಪ್ರಮಾಣದಲ್ಲಿ ಅದನ್ನು ತರಬಹುದು. ಪ್ರಮಾಣವು ಯುಕ್ತವೋ ಅಲ್ಲವೋ ಎಂಬ ಸಂದೇಹ ಬಂದಲ್ಲಿ ಸುಂಕದ ಅಧಿಕಾರಿಯು ಕೇಂದ್ರ ಸರಕಾರದ ಅಪ್ಪಣೆ ಬರುವವರೆಗೆ ವಸ್ತುವನ್ನು ತಡೆದಿಡಬಹುದು. ಈ ಅಪವಾದವೂ ೧೮೭೮ರ ಕಾಯಿದೆಯಿಂದ ಬಂದದ್ದೇ. ನಾವು ಊಹಿಸಿದ ಪ್ರಯಾಣಿಕನು ಇದನ್ನು ಆಶ್ರಯಿಸಲು ಮನಸ್ಸು ಮಾಡಬಹುದು. ಆದರೆ ಅವನ ಪರವಾನಿಗೆಯು ನಿರ್ದಿಷ್ಟವಾದ ಬಂದೂಕಿಗೂ ನಿರ್ದಿಷ್ಟ ಸಂಖ್ಯೆಯ ತೋಟಾಗಳಿಗೂ ಸಂಬಂಧಿಸಿದುದು. ತೋಟಾ ತಯಾರಿಸುವ ಯಂತ್ರವನ್ನು ಹೊಂದುವ ಅಧಿಕಾರ ಅದರಿಂದ ಬರುವುದಿಲ್ಲ. ಹೇಗೋ ಯಂತ್ರವು ಮನೆ ಸೇರಿತೆಂದಿಟ್ಟುಕೊಂಡರೂ, ಅದರಿಂದ ತೋಟಾ ತುಂಬುವುದನ್ನು ತಯಾರಿಕೆಯೆಂದೇ ಅರ್ಥ ಮಾಡುವುದು ಸಹಜವಾದುದರಿಂದ ಐದನೆಯ ಕಲಮು ಎದುರು ನಿಲ್ಲುತ್ತದೆ. ೨೦೧೯ರ ತಿದ್ದುಪಡಿಯ ಅನಂತರ ಆ ಅಪರಾಧಕ್ಕೆ ಏಳು ವರ್ಷಕ್ಕೆ ಕಡಿಮೆಯಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಸೆರೆವಾಸವನ್ನು ವಿಧಿಸಲಾಗಿದೆ.

೪

ಇನ್ನು ವಿಮಾನಮಾರ್ಗದ ವಿಷಯ. ಇಲ್ಲಿ ಒಂದೇ ವಸ್ತುವನ್ನು ಮೂರು ಶಾಸನಗಳು ಮೂರು ಕಣ್ಣುಗಳಿಂದ ನೋಡುವುದನ್ನು ಕಾಣುತ್ತೇವೆ. ಇವುಗಳನ್ನು ಬೇರ್ಪಡಿಸಿ ತಿಳಿಯದಿರುವುದೇ ಅನೇಕರ ಗೊಂದಲಕ್ಕೆ ಮೂಲ.

ಮೊದಲನೆಯದು ವಿಮಾನಯಾನದ ನಿಯಮ. ಇದಕ್ಕೆ ಬೇಕಾದುದು ಹಾರಾಟದ ಸುರಕ್ಷಿತತೆಯೊಂದೇ. ಬಿಡಿ ಮದ್ದನ್ನೂ ಬಿಡಿ ಕೇಪುಗಳನ್ನೂ ಪ್ರಯಾಣಿಕರ ಸಾಮಾನಿನಲ್ಲಿ ಅದು ಸರ್ವಥಾ ಒಪ್ಪುವುದಿಲ್ಲ. ಭದ್ರವಾಗಿ ಕಟ್ಟಿದ ಸಿದ್ಧ ತೋಟಾಗಳನ್ನು ಮಾತ್ರ, ವಿಮಾನ ಕಂಪನಿಯ ಒಪ್ಪಿಗೆಯಿಂದ, ಒಪ್ಪಿಸುವ ಸಾಮಾನಿನಲ್ಲಿ ಒಬ್ಬರಿಗೆ ೫ ಕಿಲೋಗ್ರಾಮಿನವರೆಗೆ ಅಂತರರಾಷ್ಟ್ರೀಯ ನಿಯಮವು ಬಿಡುತ್ತದೆ. ಮದ್ದಿನ ಸೋಂಕಿಲ್ಲದ ಒತ್ತುಯಂತ್ರವು ಈ ಕಣ್ಣಿಗೆ ನಿರಪಾಯಕರವಾದ ಕಬ್ಬಿಣ.

ಎರಡನೆಯದು ಸುಂಕದ ಕಾಯಿದೆ. ಇದಕ್ಕೆ ವಸ್ತುವಿನ ಬೆಲೆಯೂ ಪ್ರಕಟಣೆಯೂ ಮುಖ್ಯ. ೧೯೬೨ರ ಸುಂಕ ಕಾಯಿದೆಯ ೭೭ನೆಯ ಕಲಮಿನಂತೆ ಪ್ರಯಾಣಿಕನು ತನ್ನ ಸಾಮಾನಿನಲ್ಲಿರುವುದನ್ನು ತಾನೇ ತಿಳಿಸಬೇಕು. ೨೦೧೬ರ ಸಾಮಾನು ನಿಯಮಗಳು ಬಂದೂಕುಗಳನ್ನೂ ೫೦ಕ್ಕೆ ಮೀರಿದ ತೋಟಾಗಳನ್ನೂ ಸುಂಕದ ರಿಯಾಯಿತಿಯಿಂದ ಹೊರಗಿಟ್ಟವು. ಇದನ್ನೋದಿ, ಐವತ್ತು ತೋಟಾಗಳನ್ನು ಯಾರು ಬೇಕಾದರೂ ತರಬಹುದೆಂದು ತಿಳಿಯುವುದು ದೊಡ್ಡ ಪ್ರಮಾದ. ಅದು ಸುಂಕದ ಮಾತೇ ಹೊರತು ಶಸ್ತ್ರ ಕಾಯಿದೆಯ ಅನುಮತಿಯಲ್ಲ.

ಮೂರನೆಯದು ಮೇಲೆ ವಿವರಿಸಿದ ಶಸ್ತ್ರ ಕಾಯಿದೆ. ಇದರ ಕಣ್ಣು ಬೀಳುವುದು ವಸ್ತುವಿನ ಅಪಾಯದ ಮೇಲಲ್ಲ, ಬೆಲೆಯ ಮೇಲೂ ಅಲ್ಲ, ಅದರ ಸಾಮರ್ಥ್ಯದ ಮೇಲೆ. ಹೀಗಾಗಿ ವಿಮಾನ ಕಂಪನಿಯವರು ಆಕ್ಷೇಪವಿಲ್ಲದೆ ಸ್ವೀಕರಿಸಿದ ಪೆಟ್ಟಿಗೆಯೇ ಇಳಿದ ಸ್ಥಳದಲ್ಲಿ ಮುಟ್ಟುಗೋಲಿಗೆ ಗುರಿಯಾಗಬಹುದು. ಹೊರಡುವ ದೇಶದ ರಫ್ತಿನ ಕಾನೂನು ಇವುಗಳಿಗೆ ಹೊರತಾದುದು. ಅಂಗಡಿಯಲ್ಲಿ ಮುಕ್ತವಾಗಿ ಮಾರುವ ವಸ್ತುವನ್ನು ದೇಶದಾಚೆಗೆ ಒಯ್ಯಲು ಮುಕ್ತ ಅನುಮತಿಯಿದೆಯೆಂದು ಭಾವಿಸಲಾಗದು.

ಗೋಕಾಕ, ಮೂಡಲಗಿ, ಹುಕ್ಕೇರಿಗಳಿಗೆ ಸಮೀಪದ ವಿಮಾನ ನಿಲ್ದಾಣವು ಬೆಳಗಾವಿಯ ಸಾಂಬ್ರಾ. ಆದರೆ ಸುಂಕದ ತನಿಖೆಯು ಪರದೇಶದ ವಿಮಾನ ಇಳಿಯುವ ಬೆಂಗಳೂರು, ಮುಂಬಯಿ, ಗೋವೆಗಳಂಥ ಸ್ಥಳಗಳಲ್ಲಿಯೇ ಮುಗಿಯಬೇಕು. ಅಲ್ಲಿಯ ಅಧಿಕಾರಿಗೆ ಪ್ರಯಾಣಿಕನ ಊರಿನ ಪರಿಚಯವಿಲ್ಲ, ಅವನ ಮನೆತನದ ಪರಿಚಯವಿಲ್ಲ. ಅವನ ಮುಂದಿರುವುದು ಕಾಗದ ಮಾತ್ರ. ಆದುದರಿಂದ ಯಂತ್ರವನ್ನು ಕೊಳ್ಳುವುದಕ್ಕೆ ಮೊದಲೇ ಜಿಲ್ಲಾ ದಂಡಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ, ಆಮದಿನ ಪರವಾನಿಗೆ ಅವಶ್ಯವಿದ್ದಲ್ಲಿ ಪಡೆದು, ಅದು ದೊರೆಯದಿದ್ದರೆ ಯಂತ್ರವನ್ನು ಅಲ್ಲಿಯೇ ಬಿಟ್ಟುಬರುವುದೊಂದೇ ಕ್ಷೇಮದ ದಾರಿ. ತಿಳಿಯದೆ ತಂದವನೂ ಸಾಮಾನನ್ನು ಬಚ್ಚಿಡದೆ ತಾನಾಗಿ ತೋರಿಸುವುದು ಮೇಲು. ನಿಷೇಧಿತ ಅಥವಾ ಸುಂಕಾರ್ಹ ವಸ್ತುವನ್ನು ಸತ್ಯವಾಗಿ ಪ್ರಕಟಿಸಿದ ಪ್ರಯಾಣಿಕನು, ತಾನು ದೇಶ ಬಿಡುವಾಗ ಮರಳಿ ಪಡೆಯುವಂತೆ ಅದನ್ನು ತಡೆದಿಡಲು ಕೇಳಿಕೊಳ್ಳುವುದಕ್ಕೆ ಸುಂಕ ಕಾಯಿದೆಯ ೮೦ನೆಯ ಕಲಮು ಅವಕಾಶ ಕೊಟ್ಟಿದೆ.

೫

ಈ ಕಾಯಿದೆಯು ಇಂದಿಗೂ ಇಷ್ಟು ಬಿಗಿಯಾಗಿರುವುದು ಸರಿಯೆ? ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರವು ೨೦೧೯ರಲ್ಲಿ ಹತ್ತು ವರ್ಷಗಳ ಅವಧಿಗೆ ಮುಂದುವರಿಸಿತು. ೨೦೨೧ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ೧೮೬೧ರ ನಂಬಿಕೆಯ ಒಂದು ಎಳೆ ಅಲ್ಲಿ ಉಳಿದುಬಂದಿದೆ. ಹಲಗಲಿಯ ಬೇಡರ ವಂಶಜರಿಗೆ ಅಂಥ ಉಳಿಕೆ ಯಾವುದೂ ಇಲ್ಲ. ಆದರೂ ಎರಡು ಕಾಲಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಪರಕೀಯ ಸರಕಾರವು ತನ್ನ ಭಯಕ್ಕಾಗಿ ಮಾಡಿದ ಕಟ್ಟುಪಾಡು ಬೇರೆ. ಪ್ರಜೆಗಳ ಪ್ರತಿನಿಧಿಗಳು ಪ್ರಜೆಗಳ ಪ್ರಾಣರಕ್ಷಣೆಗಾಗಿ ಸಭೆಯಲ್ಲಿ ಚರ್ಚಿಸಿ ಒಪ್ಪಿದ ಕಟ್ಟುಪಾಡು ಬೇರೆ. ಎರಡನೆಯದನ್ನು ಟೀಕಿಸಬಹುದು, ತಿದ್ದಿಸಬಹುದು. ಹಲಗಲಿಯವರಿಗೆ ಆ ಅವಕಾಶವಿರಲಿಲ್ಲ. ಆದರೆ ಆಡಳಿತವು ಬದಲಾದರೂ ವ್ಯಾಖ್ಯೆಗಳು ಬದಲಾಗದೆ ಉಳಿಯುತ್ತವೆಂಬುದನ್ನೂ ನಾವು ಗುರುತಿಸಬೇಕು. ಕಾಯಿದೆಯ ವ್ಯಾಖ್ಯೆಯ ಕಲಮುಗಳು ಶಾಸನಗಳಂತೆ, ಲಾವಣಿಗಳಂತೆ, ಇತಿಹಾಸದ ಆಕರಗಳೇ ಆಗಿವೆ. ನಮ್ಮ ವಿದ್ಯಾರ್ಥಿಗಳು ೧೮೫೭, ೧೮೭೮, ೧೯೫೯ರ ಮೂರು ಕಾಯಿದೆಗಳನ್ನು ಹಲಗಲಿಯ ಲಾವಣಿಯೊಡನೆ ಹೋಲಿಸಿ ಓದಿದರೆ, ಸರಕಾರಕ್ಕೂ ಪ್ರಜೆಗೂ ನಡುವಿನ ನಂಬಿಕೆಯು ಯಾವ ಮಾತುಗಳಲ್ಲಿ ಬರೆಯಲ್ಪಡುತ್ತ ಬಂದಿದೆಯೆಂಬುದು ಅವರಿಗೆ ಸ್ಪಷ್ಟವಾಗಿ ತಿಳಿದೀತು.