ಮೂರು ಗಿರಾಕಿ, ಒಂಬತ್ತು ಸಾಲು

ಅಬ್ಬಾ ಅವರ ಬಟ್ಟೆ ಅಂಗಡಿಯ ಉದ್ರಿ ಲೆಕ್ಕಕ್ಕೆ ಭಾಯಿಜಾನ್ ಕಳೆದ ರಜೆಯಲ್ಲಿ ಬ್ರೌಸರಿನಲ್ಲಿ ತೆರೆಯುವ ಒಂದು ಪುಟ ಮಾಡಿಕೊಟ್ಟರು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಸಾಲು: ಹೆಸರು, ಖರೀದಿ ವಿವರ, ಬಾಕಿ. ಖರೀದಿ ವಿವರದ ಸೆಲ್ ಒಳಗೆ ಇನ್ನೊಂದು ಪುಟ್ಟ ಟೇಬಲ್. ಅದರಲ್ಲಿ ದಿನಾಂಕ ಮತ್ತು ಮೊತ್ತ. ಇದೆಲ್ಲ ಸರಿಯಿದೆಯೇ ಎಂದು ಪರೀಕ್ಷಿಸುವ ಕೆಲಸ ನನ್ನ ಪಾಲಿಗೆ ಬಂತು.

ಅದಕ್ಕೆ ನಾನು ಬಳಸಿದ್ದು ಸೆಲೆನಿಯಂ. ನಾವು ಕೈಯಿಂದ ಮಾಡುವಂತೆಯೇ ಬ್ರೌಸರ್ ತೆರೆದು, ಕ್ಲಿಕ್ ಮಾಡಿ, ಪುಟದಲ್ಲಿರುವುದನ್ನು ಓದಿ ಹೇಳುವ ಸಾಧನ ಅದು. 2004ರಲ್ಲಿ ಜೇಸನ್ ಹಗ್ಗಿನ್ಸ್ ಎಂಬವರು ಶುರು ಮಾಡಿದ್ದು. ಪೈಥಾನ್ ಸ್ವಲ್ಪ ಬಂದರೆ ಸಾಕು, ಕಾಮರ್ಸ್‌ನವರೂ ಕಲಿಯಬಹುದು.

ಮೊದಲು ಮೂವರು ಗಿರಾಕಿಗಳ ಲೆಕ್ಕ ಹಾಕಿದೆವು. ಬಾಕಿ 1,200, 900, 650 ರೂಪಾಯಿ. ಒಟ್ಟು 2,750. ಪ್ರತಿ ಸಾಲಿನ ಕೊನೆಯ ಸೆಲ್ ಕೂಡಿಸು ಎಂದು ಪ್ರೋಗ್ರಾಂ ಬರೆದೆ. ಬಂದ ಉತ್ತರ 5,500! ಪುಟವೇ ತಪ್ಪು ಎಂದು ನಾನು ಜೋರಾಗಿಯೇ ಹೇಳಿಬಿಟ್ಟೆ. ಅಬ್ಬಾ ಅಂಗಡಿ ಮುಚ್ಚಿ ಬಂದವರು ಊಟಕ್ಕೂ ಏಳದೆ ಹಳೆಯ ಪುಸ್ತಕವನ್ನು ಎರಡು ಸಲ ಕೂಡಿಸಿದರು. ಎರಡು ಸಲವೂ 2,750. ಭಾಯಿಜಾನ್ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಎಷ್ಟು ಸಾಲು ಸಿಕ್ಕಿತು, ನೋಡಿದೆಯಾ?"

ನೋಡಿರಲಿಲ್ಲ. ನೋಡಿದರೆ ಒಂಬತ್ತು.

ಟೇಬಲ್‌ನ ಸಾಲಿಗೆ ಎಚ್‌ಟಿಎಂಎಲ್‌ನಲ್ಲಿ ಟಿಆರ್ ಎಂಬ ಗುರುತು, ಸೆಲ್‌ಗೆ ಟಿಡಿ. "ಈ ಟೇಬಲ್‌ನ ಟಿಆರ್‌ಗಳನ್ನು ಕೊಡು" ಎಂದರೆ ಸೆಲೆನಿಯಂ ಅದರ ಹೊಟ್ಟೆಯಲ್ಲಿ ಎಷ್ಟು ಆಳದಲ್ಲಿದ್ದರೂ ಎಲ್ಲವನ್ನೂ ತರುತ್ತದೆ. ಹೊರಗಿನ ಮೂರು, ಒಳಗಿನ ಆರು. 1,200 ಬಾಕಿಯ ಜೊತೆಗೆ ಅದರೊಳಗಿನ 700, 500 ಕೂಡ ಸೇರಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಲೆಡ್ಜರ್ ಖಾತೆಯ ಬಾಕಿಯನ್ನೂ ಅದೇ ಖಾತೆಯ ಒಂದೊಂದು ನಮೂದನ್ನೂ ಸೇರಿಸಿ ಕೂಡಿದ ಹಾಗೆ. ಸರಿಯಾಗಿ ಎರಡು ಪಟ್ಟು ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ಹಾಗಾದರೆ ನೇರ ಮಕ್ಕಳನ್ನು ಮಾತ್ರ ಕೇಳೋಣ ಎಂದು ಎಕ್ಸ್‌ಪಾಥ್‌ನಲ್ಲಿ ./ಟಿಆರ್ ಎಂದು ಬರೆದೆ. ಈಗ ಸಿಕ್ಕಿದ್ದು ಸೊನ್ನೆ! ಇದಕ್ಕೆ ಕಾರಣ ತಿಳಿಯಲು ಒಂದು ಸಂಜೆ ಹೋಯಿತು. ನಾವು ಬರೆಯದಿದ್ದರೂ ಬ್ರೌಸರ್ ತಾನಾಗಿಯೇ ಟೇಬಲ್ ಮತ್ತು ಸಾಲುಗಳ ನಡುವೆ ಟಿಬಾಡಿ ಎಂಬ ಇನ್ನೊಂದು ಪದರ ಸೇರಿಸುತ್ತದೆ. ಭಾಯಿಜಾನ್ ಬರೆದ ಕಡತದಲ್ಲಿ ಅದು ಇರಲಿಲ್ಲ, ಬ್ರೌಸರಿನಲ್ಲಿ ಇತ್ತು. ./ಟಿಬಾಡಿ/ಟಿಆರ್ ಎಂದಾಗ ಮೂರೇ ಸಾಲು ಬಂದವು. ಪ್ರತಿ ಸಾಲಿನಲ್ಲಿ ./ಟಿಡಿ ಎಂದರೆ ಮೂರು ಸೆಲ್, ಮೂರನೆಯದು ಬಾಕಿ.

ಆ ಮೊದಲ ಚುಕ್ಕಿಯನ್ನು ಮಾತ್ರ ಮರೆಯಬೇಡಿ. ಟೇಬಲ್ ಹಿಡಿದುಕೊಂಡೇ ಕೇಳಿದರೂ //ಟಿಆರ್ ಎಂದು ಚುಕ್ಕಿಯಿಲ್ಲದೆ ಬರೆದರೆ ಹುಡುಕಾಟ ಇಡೀ ಪುಟದ ಮೇಲಿನಿಂದ ಶುರುವಾಗುತ್ತದೆ. ಪಕ್ಕದ ಟೇಬಲ್‌ನ ಸಾಲುಗಳೂ ಬಂದು ಕೂರುತ್ತವೆ, ತಪ್ಪು ಸಂದೇಶವೂ ಬರುವುದಿಲ್ಲ.

ಈಗ ನನ್ನ ಪ್ರೋಗ್ರಾಂ ಮೊದಲು ಸಾಲು ಎಣಿಸುತ್ತದೆ. ಗಿರಾಕಿಗಳ ಸಂಖ್ಯೆಗೆ ಹೊಂದದಿದ್ದರೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಒಳಗಿನ ಟೇಬಲ್‌ನ ಮೊತ್ತಗಳನ್ನು ಬೇರೆಯಾಗಿ ಕೂಡಿಸಿ ಹೊರಗಿನ ಬಾಕಿಯೊಂದಿಗೆ ತಾಳೆ ನೋಡುತ್ತದೆ. ಅಬ್ಬಾ ಮಾತ್ರ ಹಳೆಯ ಪುಸ್ತಕವನ್ನು ಇನ್ನೂ ಗಲ್ಲದಲ್ಲೇ ಇಟ್ಟುಕೊಂಡಿದ್ದಾರೆ.