ರೂಟ್ ಕೆನಾಲ್ ದಾಖಲೆ: ಪದ ತಪ್ಪಿದರೆ ಹಲ್ಲೇ ತಪ್ಪೀತು

ಸಂಡೂರು ತಾಲ್ಲೂಕಿನ ಯಶವಂತನಗರದಂಥ ಊರಿನವರಿಗೆ ಹಲ್ಲುನೋವಿನ ಚಿಕಿತ್ಸೆ ಒಂದೇ ಕಡೆ ಮುಗಿಯುತ್ತದೆಂಬ ಖಾತರಿಯಿಲ್ಲ. ಸಂಡೂರಿನಲ್ಲೋ ಹೊಸಪೇಟೆಯಲ್ಲೋ ಆರಂಭವಾದದ್ದು ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಮುಂದುವರಿಯಬಹುದು. ಮಕ್ಕಳು ಬೆಂಗಳೂರಿನಲ್ಲಿದ್ದರೆ ಅಲ್ಲಿ ಕೊನೆಗೊಳ್ಳಲೂಬಹುದು. ರೂಟ್ ಕೆನಾಲ್ ಚಿಕಿತ್ಸೆಗೆ ಅನೇಕ ಸಲ ಎರಡು-ಮೂರು ಭೇಟಿ ಬೇಕು. ಈ ನಡುವೆ ರೋಗಿಯ ಕೈಯಲ್ಲಿ ಉಳಿಯುವುದು ಒಂದು ಎಕ್ಸ್-ರೇ, ಒಂದು ಚೀಟಿ. ಚೀಟಿಯ ಭಾಷೆ ಸಡಿಲವಾಗಿದ್ದರೆ ಮುಂದಿನ ವೈದ್ಯರು ಊಹೆಯನ್ನು ನಂಬಬೇಕಾಗುತ್ತದೆ.

ಮೊದಲ ಗೊಂದಲ ಹಲ್ಲಿನ ಸಂಖ್ಯೆಯದು. ಭಾರತದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಎರಡು ಅಂಕಿಗಳ ಅಂತರರಾಷ್ಟ್ರೀಯ ಪದ್ಧತಿ. ಮೊದಲ ಅಂಕಿ ಬಾಯಿಯ ಭಾಗವನ್ನು ಸೂಚಿಸುತ್ತದೆ: ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಎರಡನೆಯದು ನಡುಗೆರೆಯಿಂದ ಎಣಿಸಿದ ಸ್ಥಾನ. ಹಾಗಾಗಿ 16 ಎಂಬುದನ್ನು ‘ಹದಿನಾರು’ ಎನ್ನದೆ ‘ಒಂದು-ಆರು’ ಎಂದು ಓದಬೇಕು. ಅದು ಮೇಲಿನ ಬಲಬದಿಯ ಮೊದಲ ದವಡೆಹಲ್ಲು. ಆದರೆ ಅಮೆರಿಕದಲ್ಲಿ ಹಲ್ಲುಗಳನ್ನು 1ರಿಂದ 32ರವರೆಗೆ ಎಣಿಸುತ್ತಾರೆ. ಅಲ್ಲಿ 16 ಎಂದರೆ ಮೇಲಿನ ಎಡಬದಿಯ ಬುದ್ಧಿಹಲ್ಲು! ತಂತ್ರಾಂಶವನ್ನು ಆ ಪದ್ಧತಿಗೆ ಹೊಂದಿಸಿದ್ದರೆ ತಪ್ಪು ಹಲ್ಲನ್ನು ಕೊರೆಯುವ ಅಪಾಯ ಕಾಲ್ಪನಿಕವಲ್ಲ. ಸಂಖ್ಯೆಯ ಪಕ್ಕದಲ್ಲಿ ‘ಮೇಲಿನ ಬಲ ಮೊದಲ ದವಡೆಹಲ್ಲು’ ಎಂದು ಬರೆಯಲು ಅರ್ಧ ನಿಮಿಷ ಸಾಕು. ಇಲ್ಲಿ ಎಡ-ಬಲ ಎಂದರೆ ರೋಗಿಯ ಎಡ-ಬಲವೇ ಹೊರತು ಎದುರು ನಿಂತು ನೋಡುವವರದಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ‘ಆಗಿದೆ’ ಎಂಬ ಪದ. ತಿರುಳನ್ನು ತೆಗೆದು, ಬೇರುನಾಳದೊಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು, ತಾತ್ಕಾಲಿಕವಾಗಿ ಮುಚ್ಚಿದ ಹಲ್ಲಿನಲ್ಲಿ ಚಿಕಿತ್ಸೆ ಆರಂಭವಾಗಿದೆಯಷ್ಟೆ. ನಾಳವನ್ನು ಗಟ್ಟಾ-ಪರ್ಚಾದಿಂದ ತುಂಬಿದಾಗ ಮಾತ್ರ ಅದು ಮುಗಿದಂತೆ. ಚೀಟಿಯಲ್ಲಿ ‘ರೂಟ್ ಕೆನಾಲ್ ಆಗಿದೆ’ ಎಂದಿದ್ದು, ಎಕ್ಸ್-ರೇ ಬೇರೆಡೆ ಉಳಿದಿದ್ದರೆ, ಅರ್ಧ ಚಿಕಿತ್ಸೆಯ ಹಲ್ಲಿಗೆ ಕ್ಯಾಪ್ ಕೂರಿಸುವ ಸಂಭವವಿದೆ. ‘ನರ ತೆಗೆಯಲಾಗಿದೆ’ ಎಂಬ ಆಡುಮಾತೂ ದಾಖಲೆಗೆ ಸಲ್ಲದು. ತಿರುಳಿನಲ್ಲಿ ನರದೊಡನೆ ರಕ್ತನಾಳಗಳೂ ಇವೆ, ಯಾವ ನಾಳದಿಂದ ಎಷ್ಟು ತೆಗೆಯಲಾಯಿತೆಂಬುದೂ ಆ ಮಾತಿನಿಂದ ತಿಳಿಯದು. ಮೇಲಿನ ಮೊದಲ ದವಡೆಹಲ್ಲಿಗೆ ಮೂರು ಬೇರುಗಳಿದ್ದರೂ ನಾಲ್ಕು ನಾಳಗಳಿರುವುದು ಸಾಮಾನ್ಯ. ಯಾವ ನಾಳ ಸಿಕ್ಕಿತು, ಯಾವುದು ಸಿಗಲಿಲ್ಲ, ಪ್ರತಿಯೊಂದರ ಉದ್ದ ಹಲ್ಲಿನ ಯಾವ ತುದಿಯಿಂದ ಎಷ್ಟು ಮಿಲಿಮೀಟರ್ ಎಂಬುದನ್ನು ಬಿಡಿಬಿಡಿಯಾಗಿ ನಮೂದಿಸಬೇಕು. ನಾಳದೊಳಗೆ ಫೈಲ್ ತುಂಡಾಗಿ ಉಳಿದಿದ್ದರೆ ಅದನ್ನೂ ಬರೆಯಬೇಕು, ರೋಗಿಗೂ ತಿಳಿಸಬೇಕು.

ತಪ್ಪನ್ನು ತಿದ್ದುವುದಕ್ಕೂ ಕ್ರಮವುಂಟು. ಹಳೆಯ ಬರಹ ಕಾಣುವಂತೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ದಿನಾಂಕದೊಂದಿಗೆ ಸಹಿ ಹಾಕುವುದು ರೂಢಿ. ಬಿಳಿ ಶಾಯಿ ಬಳಿದ ದಾಖಲೆ ಗ್ರಾಹಕರ ನ್ಯಾಯಾಲಯದಲ್ಲಿ ವೈದ್ಯರ ಮೇಲೆಯೇ ಸಂಶಯ ಹುಟ್ಟಿಸೀತು. ಕಂಪ್ಯೂಟರಿನಲ್ಲಿ ಇನ್ನೊಂದು ಕಾಟ: ಹಿಂದಿನ ಭೇಟಿಯ ಟಿಪ್ಪಣಿಯನ್ನು ನಕಲು ಮಾಡಿದಾಗ ‘ನೋವಿಲ್ಲ’ ಎಂಬುದು ನೋವಿರುವ ದಿನವೂ ಹಾಗೆಯೇ ಉಳಿದುಬಿಡುತ್ತದೆ.

ದಾಖಲೆಗಳನ್ನು ಕನಿಷ್ಠ ಮೂರು ವರ್ಷ ಕಾಪಾಡಬೇಕೆಂದು ಭಾರತೀಯ ದಂತ ಪರಿಷತ್ತಿನ 2014ರ ನೀತಿ ಸಂಹಿತೆ ವಿಧಿಸಿತ್ತು. ಚಿಕಿತ್ಸೆಯ ನಡುವೆ ಊರು ಬದಲಿಸುವವರು ಚೀಟಿಯ ಪ್ರತಿ ಹಾಗೂ ಎಕ್ಸ್-ರೇ ಎರಡನ್ನೂ ಕೇಳಿ ಪಡೆದು, ‘ನಾಳ ತುಂಬಿದ್ದಾಗಿದೆಯೇ, ಇನ್ನೂ ಬಾಕಿಯೇ’ ಎಂಬುದನ್ನು ವೈದ್ಯರಿಂದಲೇ ಬರೆಸಿಕೊಂಡು ಹೊರಡುವುದು ಒಳಿತು.