ಮನೆ ದುರಸ್ತಿಯ ಚೀಟಿಯಲ್ಲಿ ಮೂರನೆಯ ಸಾಲು

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಸೀಮೆಯಲ್ಲಿರುವ ನಮಗೆ ಮನೆ ದುರಸ್ತಿ ಹೊಸ ಮಾತಲ್ಲ. 2019ರ ಆಗಸ್ಟ್‌ನ ಮಹಾಪೂರದಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಎಷ್ಟೋ ಮನೆಗಳ ಗೋಡೆಗಳು ಬಿದ್ದವು. ಪೂರ ಬರದ ವರ್ಷವೂ ಸೋರುವ ನಳ, ಬಿರುಕು ಬಿಟ್ಟ ಗಿಲಾವು ಇದ್ದದ್ದೇ. ಕೆಲಸ ಮುಗಿದಾಗ ಗೌಂಡಿಯೋ ನಳದ ಮಿಸ್ತ್ರಿಯೋ ಕೊಡುವ ಚೀಟಿಯಲ್ಲಿ ‘ಸಾಮಾನು’, ‘ಕೂಲಿ’ ಎಂಬ ಎರಡು ಸಾಲುಗಳಿರುತ್ತವೆ. ಕೆಲವೊಮ್ಮೆ ‘ತೆರಿಗೆ’ ಎಂಬ ಮೂರನೆಯ ಸಾಲೂ ಇರುತ್ತದೆ. ಅದನ್ನು ಕೊಡಬೇಕೇ?

ಉತ್ತರ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ. ವಿದ್ಯಾರ್ಥಿಗಳಿಗೆ ಪ್ರಯೋಗಾಲಯದ ಒಂದು ಪಾಠ ನೆನಪಿರಬಹುದು. ಕಬ್ಬಿಣದ ಪುಡಿ, ಗಂಧಕದ ಪುಡಿ ಬೆರೆಸಿದರೆ ಅದು ಮಿಶ್ರಣ. ಅಯಸ್ಕಾಂತ ಹಿಡಿದರೆ ಕಬ್ಬಿಣ ಬೇರೆಯಾಗುತ್ತದೆ. ಚೆನ್ನಾಗಿ ಕಾಯಿಸಿದರೆ ಸಂಯುಕ್ತವಾಗುತ್ತದೆ. ಆಗ ಅಯಸ್ಕಾಂತ ಕೆಲಸ ಮಾಡದು. ಗೋಡೆ ಕಟ್ಟುವ ಕೆಲಸದಲ್ಲಿ ಸಿಮೆಂಟು ಮತ್ತು ಕೂಲಿ ಮಿಶ್ರಣವೋ, ಸಂಯುಕ್ತವೋ? ಇಂಥದೇ ಪ್ರಶ್ನೆ ಮದ್ರಾಸ್ ಸರ್ಕಾರ ಮತ್ತು ಗ್ಯಾನನ್ ಡಂಕರ್ಲಿ ಕಂಪನಿಯ ನಡುವಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಕಟ್ಟಡದ ಗುತ್ತಿಗೆ ಒಂದೇ, ಅದನ್ನು ಒಡೆಯಲಾಗದು. ಅದರೊಳಗಿನ ಸಾಮಾನಿಗೆ ರಾಜ್ಯಗಳು ಮಾರಾಟ ತೆರಿಗೆ ಹಾಕುವಂತಿಲ್ಲ ಎಂದು 1958ರಲ್ಲಿ ತೀರ್ಪಾಯಿತು.

1982ರ ಸಂವಿಧಾನದ 46ನೇ ತಿದ್ದುಪಡಿ ಇದನ್ನು ಬದಲಿಸಿತು. ಗುತ್ತಿಗೆ ಕೆಲಸದಲ್ಲಿ ಬಳಸಿದ ಸಾಮಾನನ್ನು ಮಾರಾಟವೆಂದೇ ಎಣಿಸಲು ದಾರಿಯಾಯಿತು. ಆದರೆ ತೆರಿಗೆ ಸಾಮಾನಿನ ಬೆಲೆಗೆ ಮಾತ್ರ, ಕೂಲಿಯನ್ನು ಕಳೆಯಬೇಕು ಎಂದು 1992ರಲ್ಲಿ ನ್ಯಾಯಾಲಯ ಸ್ಪಷ್ಟಪಡಿಸಿತು. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಿಂದ ಮಾರಾಟ ತೆರಿಗೆಯ ಜಾಗಕ್ಕೆ ವ್ಯಾಟ್ ಬಂತು. 2017ರ ಜುಲೈ 1ರಿಂದ ದೇಶಕ್ಕೆಲ್ಲ ಜಿಎಸ್‌ಟಿ. ಈಗ ಸಾಮಾನು ಸಹಿತ ಮನೆ ದುರಸ್ತಿಯನ್ನು ಇಡಿಯಾಗಿ ‘ಸೇವೆ’ ಎಂದು ಎಣಿಸುತ್ತಾರೆ. ಅಂದರೆ ಕೂಲಿಗೂ ತೆರಿಗೆ ಉಂಟು.

ಆದರೆ ಎಲ್ಲರೂ ಅದನ್ನು ವಸೂಲು ಮಾಡುವಂತಿಲ್ಲ. ವರ್ಷದ ವಹಿವಾಟು 20 ಲಕ್ಷ ರೂ. ದಾಟದ ಮಿಸ್ತ್ರಿ ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಿಲ್ಲ. ನೋಂದಣಿ ಇಲ್ಲದವರು ತೆರಿಗೆಯ ಹೆಸರಿನಲ್ಲಿ ಒಂದು ರೂಪಾಯಿಯನ್ನೂ ಕೇಳಬಾರದು ಎಂಬುದು ಕಾನೂನು.

ಲೆಕ್ಕ ಹಾಕಿ ನೋಡಿ. ನಳ, ಪೈಪುಗಳ ಮೂಲ ಬೆಲೆ 1,000 ರೂ., ಶೇ. 18ರ ತೆರಿಗೆ 180 ರೂ. ಮಿಸ್ತ್ರಿ ಅಂಗಡಿಯಲ್ಲಿ 1,180 ರೂ. ಕೊಟ್ಟಿದ್ದಾನೆ. ಕೂಲಿ 500 ರೂ. ನೋಂದಣಿ ಇಲ್ಲದಿದ್ದರೆ ನೀವು ಕೊಡಬೇಕಾದದ್ದು 1,680 ರೂ. ಅದರ ಮೇಲೆ ಮತ್ತೆ ಶೇ. 18 ಬರೆದರೆ 302 ರೂ. 40 ಪೈಸೆ ಹೆಚ್ಚುತ್ತದೆ. ಅದು ಸರ್ಕಾರದ ಬೊಕ್ಕಸಕ್ಕೆ ಹೋಗುವ ಹಣವಲ್ಲ.

ನೋಂದಾಯಿತ ಗುತ್ತಿಗೆದಾರನ ಲೆಕ್ಕ ಬೇರೆ. 1,000 ಮತ್ತು 500 ಸೇರಿ 1,500 ರೂ.; ಅದಕ್ಕೆ ಶೇ. 18ರಂತೆ 270, ಒಟ್ಟು 1,770 ರೂ. ಅಂಗಡಿಯಲ್ಲಿ ಕೊಟ್ಟ 180 ರೂ.ಗಳನ್ನು ವಜಾ ಮಾಡಿಕೊಂಡು ಆತ 90 ರೂ.ಗಳನ್ನು ಸರ್ಕಾರಕ್ಕೆ ಕಟ್ಟುತ್ತಾನೆ. ತೆರಿಗೆಯ ಮೇಲೆ ತೆರಿಗೆ ಬೀಳುವುದಿಲ್ಲ.

ಕಾಗವಾಡದವರು ಮಿರಜಿಗೆ, ನಿಪ್ಪಾಣಿಯವರು ಕೊಲ್ಹಾಪುರಕ್ಕೆ ಸಾಮಾನು ತರಲು ಹೋಗುವುದುಂಟು. ಹಿಂದೆ ಎರಡು ರಾಜ್ಯಗಳಿಗೂ ತಮ್ಮ ತಮ್ಮ ಮಾರಾಟ ತೆರಿಗೆ ಕಾಯ್ದೆಗಳಿದ್ದವು. ಈಗ ದರ ಎರಡೂ ಕಡೆ ಒಂದೇ. ಸಿಮೆಂಟಿಗೆ ಶೇ. 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದದ್ದೂ ಎರಡೂ ಕಡೆಗೆ ಅನ್ವಯ.

ಚೀಟಿಯಲ್ಲಿ ಮೂರನೆಯ ಸಾಲು ಕಂಡರೆ ಜಗಳ ಬೇಡ. ನೋಂದಣಿ ಸಂಖ್ಯೆ ಕೇಳಿ. ಅದರಲ್ಲಿ ಅಂಕಿ, ಅಕ್ಷರ ಸೇರಿ 15 ಇರುತ್ತವೆ. ಕರ್ನಾಟಕದ್ದಾದರೆ 29ರಿಂದ, ಮಹಾರಾಷ್ಟ್ರದ್ದಾದರೆ 27ರಿಂದ ಆರಂಭ. ಜಿಎಸ್‌ಟಿ ಜಾಲತಾಣದಲ್ಲಿ ಅದನ್ನು ಹಾಕಿ ನೋಡಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಈ ಕೆಲಸವನ್ನು ಮನೆಯ ಹೈಸ್ಕೂಲು ಹುಡುಗ ಹುಡುಗಿಯರಿಗೆ ಒಪ್ಪಿಸಿ. ಸಂಖ್ಯೆ ಇಲ್ಲವೆಂದರೆ ಅಂಗಡಿಯ ಬಿಲ್ಲು ನೋಡಿ ಸಾಮಾನಿನ ಹಣ ಕೊಡಿ. ಒಪ್ಪಿದ ಕೂಲಿಯಲ್ಲಿ ಮಾತ್ರ ಕಡಿತ ಮಾಡಬೇಡಿ. ಅದು ದುಡಿದವನ ಹಕ್ಕು.